ಲೆಕ್ಕ ಕ್ಲೌಡ್‌ಗೆ ಏರಲಿ, ಹಕ್ಕು ಊರಲ್ಲೇ ಉಳಿಯಲಿ: ಅಂಬ್ಲಿಗೊಳ ಭಾಗದ ಹಕ್ಕೊತ್ತಾಯ ಪತ್ರ

ಇವರಿಗೆ: ಸಹಕಾರ ಸಂಘಗಳ ನಿಬಂಧಕರು, ಕರ್ನಾಟಕ ಸರ್ಕಾರ, ನಬಾರ್ಡ್, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್, ಶಿವಮೊಗ್ಗ ಜಿಲ್ಲಾಡಳಿತ, ಸಂಘಗಳಿಗೂ ಅಂಗಡಿಗಳಿಗೂ ತಂತ್ರಾಂಶ ಒದಗಿಸುವ ಎಲ್ಲ ಕಂಪನಿಗಳು.

ಇವರಿಂದ: ಅಂಬ್ಲಿಗೊಳ ಸುತ್ತಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನ ಊರುಗಳ ಸಹಕಾರ ಸಂಘದ ಸದಸ್ಯರು, ಡೇರಿಗೆ ಹಾಲು ಹಾಕುವವರು, ಅಂಗಡಿ ಮತ್ತು ಮಂಡಿಯವರು, ಸಂಘದ ಸಿಬ್ಬಂದಿ.



ನಮ್ಮ ವ್ಯವಹಾರದ ಲೆಕ್ಕ ಒಂದೊಂದಾಗಿ ಊರು ಬಿಟ್ಟು ದೂರದ ಸರ್ವರ್ ಸೇರುತ್ತಿದೆ. ಬೆಳೆಸಾಲದ ಖಾತೆ, ಡೇರಿಯ ಹಾಲಿನ ಲೆಕ್ಕ, ಗೊಬ್ಬರದ ದಾಸ್ತಾನು, ಪಡಿತರದ ಹಂಚಿಕೆ, ಅಡಿಕೆ ಮಂಡಿಯ ಬಿಲ್ಲು, ಕಿರಾಣಿ ಅಂಗಡಿಯ ಯುಪಿಐ, ಮೆಕ್ಕೆಜೋಳ ಮತ್ತು ಶುಂಠಿಯ ಲಾರಿಗೆ ಬೇಕಾದ ಇ-ವೇ ಬಿಲ್, ಎಲ್ಲವೂ. ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂ. ಯೋಜನೆಯನ್ನು ಒಪ್ಪಿತು. ಮುಂದೆ ಸಂಘಗಳ ಸಂಖ್ಯೆಯೂ ಏರಿತು, ವೆಚ್ಚ 2,925.39 ಕೋಟಿಗೆ ಹೋಯಿತು. ಕರ್ನಾಟಕದ ಸಂಘಗಳೂ ಇದರಲ್ಲಿವೆ. ತಂತ್ರಾಂಶ ದೇಶಕ್ಕೆಲ್ಲ ಒಂದೇ, ಅದು ಕ್ಲೌಡ್‌ನಲ್ಲಿರುತ್ತದೆ. ಸಂಘದ ಮೇಜಿನ ಮೇಲಿರುವುದು ಅದನ್ನು ತೆರೆಯುವ ಕಂಪ್ಯೂಟರ್ ಮಾತ್ರ. ಇದಕ್ಕೆ ಬೇಕಾದ ತೀರ್ಮಾನಗಳೆಲ್ಲ ಮೇಲೆಯೇ ಆಗಿವೆ. ಲೆಕ್ಕ ಯಾರದ್ದೋ ಅವರನ್ನು, ಅಂದರೆ ನಮ್ಮನ್ನು, ಯಾರೂ ಕೂರಿಸಿಕೊಂಡು ಕೇಳಿಲ್ಲ. ಅದಕ್ಕಾಗಿ ಈ ಪತ್ರ.

ನಾವು ಕ್ಲೌಡ್‌ನ ವಿರೋಧಿಗಳಲ್ಲ. ಮಲೆನಾಡಿನ ಮಳೆಗಾಲದಲ್ಲಿ ಲೆಡ್ಜರ್ ಏನಾಗುತ್ತದೆ ಎಂದು ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಜುಲೈ ತಿಂಗಳಲ್ಲಿ ಸಂಘದ ಬೀರು ತೆಗೆದರೆ ಮೊದಲು ಬೂಷ್ಟಿನ ವಾಸನೆ ಬರುತ್ತದೆ, ಆಮೇಲೆ ಪುಸ್ತಕ ಕಾಣುತ್ತದೆ. ಗೆದ್ದಲು ಹಿಡಿದ ಷೇರು ರಿಜಿಸ್ಟರಿನಲ್ಲಿ ಅಜ್ಜನ ಹೆಸರು ಅರ್ಧ ಹೋಗಿ, ಸದಸ್ಯತ್ವ ಸಾಬೀತು ಮಾಡಲು ಮೊಮ್ಮಕ್ಕಳು ಒದ್ದಾಡಬೇಕಾಗುತ್ತದೆ. ಕೈಬರಹದ ಪುಸ್ತಕದಲ್ಲಿ ತಿದ್ದಿ ಬರೆದು, ಇಲ್ಲದ ಸಾಲ ತೋರಿಸಿ ಸಂಘಗಳನ್ನೇ ಮುಳುಗಿಸಿದ ಕತೆಗಳು ರಾಜ್ಯದ ಎಲ್ಲ ಕಡೆ ಇವೆ. ಪ್ರತಿ ನಮೂದಿಗೂ ಹೊತ್ತು, ಗಳಿಗೆ, ಮಾಡಿದವರ ಗುರುತು ಬೀಳುವ ವ್ಯವಸ್ಥೆ ಬಂದರೆ ಪ್ರಾಮಾಣಿಕರಿಗೆ ಅದರಿಂದ ಬಲವೇ ಬರುತ್ತದೆ.

ಆದರೆ ಸಹಕಾರ ಸಂಘ ಎಂದರೆ ಕಚೇರಿಯ ಶಾಖೆಯಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಪತ್ತಿನ ಸಂಘ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗೆ ಸಂಘದ ಲೆಕ್ಕ ನೋಡಬೇಕೆಂದರೆ ಸದಸ್ಯ ಎದ್ದು ಹೋಗಿ "ಪುಸ್ತಕ ತೆಗೀರಿ" ಅನ್ನಬಹುದಿತ್ತು. ಆ ಒಂದು ಮಾತು ಹೇಳುವ ಅಧಿಕಾರ ಕ್ಲೌಡ್ ಬಂದ ಮೇಲೂ ನಮಗಿರಬೇಕು. ಕೆಳಗಿನ ಬೇಡಿಕೆಗಳೆಲ್ಲ ಅದಕ್ಕಾಗಿಯೇ ಇವೆ.

1. ಗಡುವಿನ ದಿನ ಸರ್ವರ್ ಇಲ್ಲದಿದ್ದರೆ ಸದಸ್ಯ ಸುಸ್ತಿದಾರನಲ್ಲ

ಇದು ನಮ್ಮ ಮೊದಲ ಬೇಡಿಕೆ. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟರೂ ನಾವು ಒಪ್ಪುವುದಿಲ್ಲ.

ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಜುಲೈ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಲಾಯಿತು. ಬಡ್ಡಿ ಇಲ್ಲ ಎನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ಮೀರಿದರೂ ಸಾಲ ಸುಸ್ತಿಗೆ ಬೀಳುತ್ತದೆ, ರಿಯಾಯಿತಿ ಕೈತಪ್ಪುತ್ತದೆ, ಮುಂದಿನ ಸಾಲಿನ ಸಾಲ ತಡವಾಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಸುಸ್ತಿದಾರನಿಗೆ ಸಂಘದಲ್ಲಿ ಮತದ ಹಕ್ಕೂ ಇಲ್ಲ.

ಗಡುವಿನ ಕೊನೆಯ ವಾರ ಸಂಘದ ಎದುರು ಯಾರು ನಿಂತಿರುತ್ತಾರೆ ನೋಡಿ. ಮಂಡಿಯಿಂದ ಅಡಿಕೆ ದುಡ್ಡು ಆಗಷ್ಟೇ ಕೈಗೆ ಬಂದವರು. ಹೆಂಡತಿಯ ಬಳೆ ಅಡವಿಟ್ಟು ತಂದವರು. ಕೈಗಡ ಮಾಡಿ, ಇವತ್ತು ಕಟ್ಟಿ ನಾಡಿದ್ದು ಹೊಸ ಸಾಲ ಎತ್ತಿ ತೀರಿಸುತ್ತೇನೆಂದು ಮಾತು ಕೊಟ್ಟು ಬಂದವರು. ದುಡ್ಡು ಜೇಬಿನಲ್ಲಿದೆ, ಕೌಂಟರಿನ ಆಚೆ ಗುಮಾಸ್ತರೂ ಇದ್ದಾರೆ. ನಡುವೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದೆ. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಬೇರೆ ದಿನವಾದರೆ ಒಂದು ಓಡಾಟದ ಖರ್ಚು. ಗಡುವಿನ ದಿನವಾದರೆ ಅದು ಬಡ್ಡಿ, ಮತ ಮತ್ತು ಮರ್ಯಾದೆಯ ಪ್ರಶ್ನೆ.

ಆದ್ದರಿಂದ: ಸದಸ್ಯ ಹಣ ತಂದ ದಿನವೇ ಸಂಘ ಕೈಬರಹದ, ಕ್ರಮಸಂಖ್ಯೆ ಇರುವ ರಸೀದಿ ಕೊಡಬೇಕು. ತಂತ್ರಾಂಶದಲ್ಲಿ ಯಾವಾಗ ನಮೂದಾದರೂ ರಸೀದಿಯ ದಿನಾಂಕವೇ ಪಾವತಿಯ ದಿನಾಂಕವಾಗಬೇಕು. ಗಡುವಿನ ಹಿಂದಿನ 7 ದಿನಗಳಲ್ಲಿ ಸರ್ವರ್ ಎಷ್ಟು ಹೊತ್ತು ಕೈಕೊಟ್ಟಿತೋ ನೋಡಿ, ಒಂದು ಕೆಲಸದ ದಿನಕ್ಕಿಂತ ಹೆಚ್ಚಾಗಿದ್ದರೆ ಗಡುವು ತಾನಾಗಿ ಮುಂದೆ ಹೋಗಬೇಕು. ಯಾರೂ ಅರ್ಜಿ ಹಾಕುವ ಪ್ರಮೇಯ ಬರಬಾರದು. ನಿಬಂಧಕರು ಇದಕ್ಕೆ ಸುತ್ತೋಲೆ ಹೊರಡಿಸಬೇಕು.

2. ನೆಟ್ ಇಲ್ಲದಾಗಲೂ ಕೌಂಟರ್ ನಡೆಯಬೇಕು

ನಮ್ಮ ಊರುಗಳಲ್ಲಿ ಎರಡು ಯಂತ್ರಗಳಿವೆ. ಒಂದು ಡೇರಿಯದು. ಬೆಳಗ್ಗೆ ಆರಕ್ಕೆ ಕ್ಯಾನು, ತಂಬಿಗೆ ಹಿಡಿದು ಸಾಲು ನಿಲ್ಲುತ್ತದೆ. ಟೆಸ್ಟರ್ ಒಂದು ಚೂರು ಹಾಲು ತೆಗೆದು ಇಡುತ್ತಾರೆ, ಯಂತ್ರ ಫ್ಯಾಟ್ ಮತ್ತು ಎಸ್‌ಎನ್‌ಎಫ್ ತೋರಿಸುತ್ತದೆ, ತೂಕ ಬೀಳುತ್ತದೆ, ಬೆರಳಗಲದ ಚೀಟಿ ಹೊರಬರುತ್ತದೆ. ನೆಟ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಯಂತ್ರ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು, ಸಂಪರ್ಕ ಸಿಕ್ಕಾಗ ಮೇಲಕ್ಕೆ ಕಳಿಸುತ್ತದೆ. ಹಾಲು ಕೆಡುವ ಪದಾರ್ಥ, ಕಾಯುವುದಿಲ್ಲ ಎಂದು ಗೊತ್ತಿದ್ದವರು ಅದನ್ನು ರೂಪಿಸಿದ್ದಾರೆ.

ಇನ್ನೊಂದು ಗೊಬ್ಬರ ಮಾರುವ ಪಿಒಎಸ್ ಯಂತ್ರ. ಆಧಾರ್ ಸಂಖ್ಯೆ ಒತ್ತಿ, ಬೆರಳು ಕೊಟ್ಟು, ಅದು ದೂರದ ಸರ್ವರಿನಲ್ಲಿ ಹೊಂದಾಣಿಕೆಯಾಗಿ ಬಂದ ಮೇಲೆಯೇ ಯೂರಿಯಾ ಮೂಟೆ ಹೊರಗೆ ಬರಬೇಕು. ಗದ್ದೆ ಕೆಲಸ ಮಾಡಿ ಬೆರಳ ಗೆರೆ ಸವೆದವರು ಮೂರು ಸಲ, ನಾಲ್ಕು ಸಲ ಒತ್ತುತ್ತಾರೆ. ಮೂಟೆ ಕಣ್ಣೆದುರೇ ಇರುತ್ತದೆ, ಕೊಡುವಂತಿಲ್ಲ. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಹಾಕುವ ಹದ ನಾಲ್ಕೈದು ದಿನದ್ದು. ಮಳೆ ಬಿಟ್ಟ ಹೊತ್ತಿನಲ್ಲಿ ಗೊಬ್ಬರ ಸಿಗದೆ, ಗೊಬ್ಬರ ಸಿಕ್ಕ ಹೊತ್ತಿನಲ್ಲಿ ಮಳೆ ಹಿಡಿದುಕೊಂಡರೆ ಆ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಸಂಘದ ಹೊಸ ತಂತ್ರಾಂಶ ಡೇರಿಯ ಯಂತ್ರದಂತೆ ಇರಬೇಕು. ಹಣ ಕಟ್ಟಿಸಿಕೊಳ್ಳುವುದು, ರಸೀದಿ ಮುದ್ರಿಸುವುದು, ಸದಸ್ಯನ ಬಾಕಿ ತೋರಿಸುವುದು, ದಾಸ್ತಾನು ಕೊಡುವುದು, ಈ ನಾಲ್ಕು ಕೆಲಸ ಕನಿಷ್ಠ 3 ದಿನ ಸಂಪರ್ಕವಿಲ್ಲದೆ ನಡೆಯಬೇಕು. ಗೊಬ್ಬರ ಮತ್ತು ಪಡಿತರಕ್ಕೆ ಬೆರಳು ಹೊಂದದಿದ್ದರೆ ಸಹಿ ಪಡೆದು ಕೊಡುವ ಅಧಿಕಾರ ಅಲ್ಲಿ ಕುಳಿತವರಿಗೇ ಇರಬೇಕು, ಅದಕ್ಕಾಗಿ ತಾಲ್ಲೂಕು ಕಚೇರಿಗೆ ಫೋನು ಹಚ್ಚುವಂತಾಗಬಾರದು. ಹಿಂದಿನ ದಿನದ ಲೆಕ್ಕ ಮುಚ್ಚುವ "ಡೇ ಎಂಡ್" ಮುಗಿದಿಲ್ಲ ಎಂಬ ಕಾರಣಕ್ಕೆ ಇಂದಿನ ಕೌಂಟರ್ ತೆರೆಯದಿರುವುದೂ ನಿಲ್ಲಬೇಕು.

3. ಮೊದಲ ನಮೂದನ್ನು ಸದಸ್ಯರ ಎದುರು ಓದಿ ಹೇಳಬೇಕು

ಕರ್ನಾಟಕಕ್ಕೆ ಇದರ ಅನುಭವ ಹಳೆಯದು. 2001ರ ಹೊತ್ತಿಗೆ "ಭೂಮಿ" ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿ ರದ್ದಾಯಿತು. ದೇಶವೇ ನೋಡಿ ಕಲಿಯಬೇಕಾದ ಕೆಲಸ ಅದು, ಆ ಹೆಮ್ಮೆ ನಮಗೂ ಇದೆ. ಆದರೆ ಏರಿಸುವಾಗ ಆದ ತಪ್ಪುಗಳಿಗೆ, ಗುಂಟೆಯ ಲೆಕ್ಕ ಬದಲಾದದ್ದಕ್ಕೆ, ಹಿಸ್ಸೆ ಸಂಖ್ಯೆ ಬಿಟ್ಟುಹೋದದ್ದಕ್ಕೆ, ತಂದೆಯ ಹೆಸರು ಇನ್ನೊಬ್ಬರದ್ದಾದದ್ದಕ್ಕೆ ತಿದ್ದುಪಡಿ ಮಾಡಿಸಲು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರು ರೈತರು. ತಪ್ಪು ಬರೆದವರು ಯಾರೂ ಹತ್ತಲಿಲ್ಲ.

ಈಗ ಸಂಘದ ಲೆಡ್ಜರ್ ಏರುವ ಸರದಿ. ಏರಿಸುವ ಗುತ್ತಿಗೆ ಪಡೆದವರು ಒಂದು ಖಾತೆಗೆ ಇಷ್ಟು ಎಂದು ಕೂಲಿ ಲೆಕ್ಕದಲ್ಲಿ ಹುಡುಗರನ್ನು ಕೂರಿಸಿ ಟೈಪ್ ಮಾಡಿಸಿದರೆ ಏನಾಗುತ್ತದೆ ಎಂದು ನಾವು ಹೇಳಬೇಕಿಲ್ಲ. ಒಬ್ಬರೇ ರೈತರು ಪಹಣಿಯಲ್ಲಿ ವೀರಪ್ಪ, ಸಂಘದ ಪುಸ್ತಕದಲ್ಲಿ ಈರಪ್ಪ, ಆಧಾರ್‌ನಲ್ಲಿ ಮೂರನೆಯ ರೀತಿ. ಊರಿನಲ್ಲಿ ಎಲ್ಲರಿಗೂ ಅವರು ಒಬ್ಬರೇ ಎಂದು ಗೊತ್ತು. ಸರ್ವರಿಗೆ ಅವರು ಮೂವರು. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಗುರುತಿನ ಸಂಖ್ಯೆ (ಎಫ್‌ಐಡಿ) ಮಾಡಿಸುವಾಗಲೇ ಇದನ್ನು ಅನುಭವಿಸಿದ್ದೇವೆ. ಜಂಟಿ ಖಾತೆ, ಪೌತಿ ಖಾತೆ ಆಗದ ಜಮೀನು, ಗಂಡನ ಹೆಸರಿನ ಸಾಲವನ್ನು ತೀರಿಸುತ್ತಿರುವ ವಿಧವೆಯ ಲೆಕ್ಕ, ಇವು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟ ಟಿಪ್ಪಣಿಯಿಂದಲೇ ನಡೆಯುತ್ತಿವೆ. ತಂತ್ರಾಂಶದಲ್ಲಿ ಆ ಅಂಚಿಗೆ ಜಾಗ ಇದೆಯೇ?

ನಮ್ಮ ಒತ್ತಾಯ ಹೀಗಿದೆ. ಪ್ರತಿ ಸದಸ್ಯನ ಷೇರು, ಠೇವಣಿ, ಸಾಲ, ಬಡ್ಡಿ, ಜಾಮೀನುದಾರರ ವಿವರ ಮುದ್ರಿಸಿ ಊರಿನ ಸಭೆಯಲ್ಲಿ ಕರೆದು ಕೊಡಬೇಕು, ಓದಲು ಬಾರದವರಿಗೆ ಪಕ್ಕಕ್ಕೆ ಕರೆದು ಓದಿ ಹೇಳಬೇಕು. ಇನ್ನೊಬ್ಬರ ಸಾಲ ಎಲ್ಲರಿಗೂ ಕೇಳುವಂತೆ ಓದಬಾರದು. ಆಕ್ಷೇಪಕ್ಕೆ 60 ದಿನ ಇರಬೇಕು. ಪುಸ್ತಕಕ್ಕೂ ಕಂಪ್ಯೂಟರಿಗೂ ವ್ಯತ್ಯಾಸ ಬಂದರೆ, ಒಂದು ಪೂರ್ಣ ಆಡಿಟ್ ವರ್ಷ ಮುಗಿಯುವವರೆಗೆ ಪುಸ್ತಕವೇ ಪ್ರಮಾಣ. ತಿದ್ದುಪಡಿಗೆ ಶುಲ್ಕ ಇಲ್ಲ, ಅಫಿಡವಿಟ್ ಇಲ್ಲ. ಹಳೆಯ ಪುಸ್ತಕಗಳನ್ನು ಪುಟಪುಟ ಸ್ಕ್ಯಾನ್ ಮಾಡಿ ಇಡದೆ ಒಂದನ್ನೂ ವಿಲೇವಾರಿ ಮಾಡಕೂಡದು.

4. ಸದಸ್ಯನ ಕೈಯಲ್ಲಿ ಕಾಗದ ಇರಬೇಕು

ಎಸ್‌ಎಂಎಸ್ ಬರುತ್ತದೆ ಎಂದು ಪಾಸ್‌ಬುಕ್ ನಿಲ್ಲಿಸಬೇಡಿ. ಮೊಬೈಲ್ ಮಗನ ಕೈಯಲ್ಲಿರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ. ಪ್ರತಿ ಪಾವತಿಗೆ ರಸೀದಿ, ವರ್ಷಕ್ಕೆ ಎರಡು ಸಲ ಪೂರ್ಣ ಖಾತೆಯ ಮುದ್ರಿತ ಪ್ರತಿ ಬೇಕು. ಮಾಸಿಹೋಗುವ ಥರ್ಮಲ್ ಕಾಗದದಲ್ಲಿ ಸಾಲದ ರಸೀದಿ ಕೊಡಬಾರದು. ಮಳೆಗಾಲ ಕಳೆಯುವಷ್ಟರಲ್ಲಿ ಅದು ಬಿಳಿ ಹಾಳೆಯಾಗಿರುತ್ತದೆ.

5. ಕನ್ನಡ ಪೂರ್ತಿ ಇರಬೇಕು

ಮೆನು ಕನ್ನಡದಲ್ಲಿದ್ದು, ದೋಷದ ಸೂಚನೆ, ವರದಿ ಮತ್ತು ಸಹಾಯವಾಣಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಅದು ಕನ್ನಡದ ತಂತ್ರಾಂಶವಲ್ಲ. ಹೆಸರು, ಸರ್ವೆ ನಂಬರ್, ನಡಾವಳಿ ಎಲ್ಲವೂ ಯೂನಿಕೋಡ್ ಕನ್ನಡದಲ್ಲೇ ಉಳಿಯಬೇಕು, ಹುಡುಕಲು ಸಿಗಬೇಕು. ಸಹಾಯವಾಣಿಯಲ್ಲಿ ಜಾಮೀನುದಾರ, ಹಿಸ್ಸೆ, ಪೌತಿ ಎಂದರೆ ಅರ್ಥವಾಗುವವರು ಇರಬೇಕು.

6. ಸಂಘದ ಲೆಕ್ಕ ಸಂಘದ್ದೇ, ಅಂಗಡಿಯ ಲೆಕ್ಕ ಅಂಗಡಿಯದ್ದೇ

ಕ್ಲೌಡ್ ಎಂದರೆ ಬಾಡಿಗೆ. ಬಾಡಿಗೆ ಮನೆಯಲ್ಲಿ ಗೋಡೆ ಅವರದ್ದಾದರೂ ಪೆಟ್ಟಿಗೆ ನಮ್ಮದು. ಹೊರಡುವಾಗ ಪೆಟ್ಟಿಗೆಗೆ ಯಾರೂ ಕೈ ಅಡ್ಡ ಹಿಡಿಯುವಂತಿಲ್ಲ. ಈಗ ಆಗುತ್ತಿರುವುದು ಬೇರೆ. ಶಿರಾಳಕೊಪ್ಪ, ಶಿಕಾರಿಪುರ, ಆನಂದಪುರದಂಥ ಪೇಟೆಗಳಲ್ಲಿ ಅಂಗಡಿ ಇಟ್ಟ ನಮ್ಮವರು ಬಿಲ್ಲಿಂಗ್ ತಂತ್ರಾಂಶವನ್ನು ವರ್ಷದ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಒಂದು ವರ್ಷ ವ್ಯಾಪಾರ ಬಿದ್ದು ಕಟ್ಟಲಾಗದಿದ್ದರೆ ಹಳೆಯ ಬಿಲ್ಲುಗಳಿಗೂ ಬೀಗ ಬೀಳುತ್ತದೆ. ಜಿಎಸ್‌ಟಿ ಕಾನೂನು ಮಾತ್ರ, ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪುಸ್ತಕ ಇಟ್ಟುಕೊಂಡಿರಬೇಕು ಎನ್ನುತ್ತದೆ. ತೆರಿಗೆಯವರು ಕೇಳಿದಾಗ ತೋರಿಸಬೇಕಾದವರು ಅಂಗಡಿಯವರು, ಕೀಲಿ ಇರುವುದು ಇನ್ನೊಬ್ಬರ ಕೈಯಲ್ಲಿ.

ದೊಡ್ಡವರಿಗೂ ಇದು ತಪ್ಪಿಲ್ಲ. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಮೈಕ್ರೋಸಾಫ್ಟ್ ನಮ್ಮ ದೇಶದ ತೈಲ ಕಂಪನಿ ನಯಾರಾ ಎನರ್ಜಿಗೆ ಕೊಡುತ್ತಿದ್ದ ಸೇವೆಗಳನ್ನು ಏಕಾಏಕಿ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ತೈಲ ಶುದ್ಧೀಕರಣ ಘಟಕ ನಡೆಸುವವರಿಗೆ ಹೈಕೋರ್ಟಿನ ದಾರಿ ಇತ್ತು. ಎರಡು ಕೋಣೆಯ ನಮ್ಮ ಸಂಘ ಯಾವ ಕೋರ್ಟಿಗೆ ಹೋಗಬೇಕು?

ಯುರೋಪಿನಲ್ಲಿ 2025ರ ಸೆಪ್ಟೆಂಬರ್ 12ರಿಂದ ಜಾರಿಯಲ್ಲಿರುವ ದತ್ತಾಂಶ ಕಾಯ್ದೆ, ಗ್ರಾಹಕ ಒಂದು ಕ್ಲೌಡ್ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋಗುವುದನ್ನು ಹಕ್ಕು ಎಂದೇ ಗುರುತಿಸಿದೆ. 2027ರ ಜನವರಿ 12ರಿಂದ ಹಾಗೆ ಹೋಗುವಾಗ ಶುಲ್ಕ ಕೇಳುವುದನ್ನೇ ಅದು ನಿಲ್ಲಿಸುತ್ತದೆ. ನಮ್ಮಲ್ಲೂ ಅರ್ಧ ದಾರಿ ಆಗಿದೆ. ಕಂಪನಿ ಕಾಯ್ದೆಯ ನಿಯಮಗಳಿಗೆ 2022ರಲ್ಲಿ ತಂದ ತಿದ್ದುಪಡಿಯಂತೆ, ಕಂಪನಿಗಳು ತಮ್ಮ ಲೆಕ್ಕದ ಬ್ಯಾಕಪ್ ಪ್ರತಿಯನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು. ಆ ರಕ್ಷಣೆ ಸಹಕಾರ ಸಂಘಗಳಿಗೂ ಬೇಕು.

ಪ್ರತಿ ಸಂಜೆ ಸಂಘದ ಪೂರ್ತಿ ಲೆಕ್ಕದ ಒಂದು ಪ್ರತಿ, ಯಾವ ಸಾಮಾನ್ಯ ಕಂಪ್ಯೂಟರಿನಲ್ಲೂ ತೆರೆಯುವ ರೂಪದಲ್ಲಿ, ಸಂಘದ ಸ್ವಂತ ಡಿಸ್ಕಿಗೆ ಇಳಿಯಬೇಕು. ಅದಕ್ಕೆ ಯಾರ ಅನುಮತಿಯೂ ಬೇಡ. ಗುತ್ತಿಗೆ ಮುಗಿದರೂ, ಕಂಪನಿ ಮುಚ್ಚಿದರೂ, ಶುಲ್ಕ ಬಾಕಿಯಾದರೂ ಸರಿ, 180 ದಿನ ಲೆಕ್ಕ ನೋಡುವ ಮತ್ತು ಇಳಿಸಿಕೊಳ್ಳುವ ದಾರಿ ತೆರೆದಿರಬೇಕು. ಅಂಗಡಿಗಳಿಗೆ ತಂತ್ರಾಂಶ ಮಾರುವವರಿಗೂ ಇದೇ ಷರತ್ತು ವಿಧಿಸಿ.

7. ನಮ್ಮ ಲೆಕ್ಕವನ್ನು ಯಾರು ನೋಡುತ್ತಾರೆ ಎಂದು ನಮಗೆ ಹೇಳಬೇಕು

ಯಾರ ತೋಟ ಎಷ್ಟು, ಯಾರ ಮನೆಯಲ್ಲಿ ಎಷ್ಟು ಲೀಟರ್ ಹಾಲು, ಯಾರು ಯಾವ ತಿಂಗಳಲ್ಲಿ ದುಡ್ಡಿಗೆ ಪರದಾಡುತ್ತಾರೆ, ಯಾರು ಚಿನ್ನ ಅಡವಿಟ್ಟಿದ್ದಾರೆ, ಇಷ್ಟೂ ಒಂದೇ ಕಡೆ ಸೇರುತ್ತದೆ. ಸಾಲದ ಆ್ಯಪ್‌ನವರಿಗೆ, ವಿಮೆಯವರಿಗೆ, ಶುಂಠಿಯ ಬೆಲೆ ಕಟ್ಟುವವರಿಗೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ. ಕೊಯ್ಲಿಗೆ ಮುಂಚೆ ಯಾವ ಊರಿನ ರೈತರಿಗೆ ದುಡ್ಡಿನ ಅಡಚಣೆ ಎಷ್ಟಿದೆ ಎಂದು ವ್ಯಾಪಾರಿಗೆ ಮೊದಲೇ ಗೊತ್ತಾದರೆ ಚೇಣಿಯ (ಫಸಲು ಗುತ್ತಿಗೆಯ) ದರ ಹೇಗೆ ಕುಸಿಯುತ್ತದೆ ಎಂದು ನಮಗೆ ಗೊತ್ತು.

2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್‌ಗಳು ಬಂದವು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂ. ಮಿತಿ ಮೀರಿದ್ದೀರಿ ಎಂಬುದು ಕಾರಣ. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಮಾರಿದವರೂ, ಮನೆಯವರು ಕಳಿಸಿದ ಹಣವೂ ಅದೇ ಕ್ಯೂಆರ್ ಕೋಡಿನಲ್ಲಿ ಬಂದವರೂ ಕಂಗಾಲಾದರು. "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡುಗಳು ಏಳತೊಡಗಿದವು. ಮಾಹಿತಿ ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಮೊದಲೇ ತಿಳಿಸಿ, ಲೆಕ್ಕ ಬೇರೆ ಮಾಡಿ ಇಡುವುದನ್ನು ಕಲಿಸಿದ್ದರೆ ಜನ ಇಷ್ಟು ಹೆದರುತ್ತಿರಲಿಲ್ಲ. ಹೆದರಿದ ಜನ ಹೊಸ ವ್ಯವಸ್ಥೆಯಿಂದ ದೂರ ಓಡುತ್ತಾರೆ.

ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲೇ ಬಂದಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಅವಕಾಶ ಕೊಡಲಾಗಿದೆ. ಆ 18 ತಿಂಗಳು ಮುಗಿಯಲಿ ಎಂದು ಕಾಯಬೇಡಿ. ಸದಸ್ಯನ ಮಾಹಿತಿ ನೋಡಬಲ್ಲ ಸಂಸ್ಥೆಗಳ ಪಟ್ಟಿ ಸಂಘದ ಗೋಡೆಯ ಮೇಲೆ ಇರಲಿ. ಸಾಲದ ಅರ್ಜಿಯ ಹೆಬ್ಬೆಟ್ಟು ಸಾಲಕ್ಕೆ ಮಾತ್ರ, ಬೇರೆಯವರಿಗೆ ಮಾಹಿತಿ ಕೊಡಲು ಬೇರೆಯೇ ಒಪ್ಪಿಗೆ ಬೇಕು. ಒಪ್ಪದಿದ್ದರೆ ಸಾಲ ನಿಲ್ಲಬಾರದು.

8. ಕಳವಾದರೆ, ಕೆಟ್ಟರೆ ನಮಗೆ ಹೇಳಿ, ನಷ್ಟ ತುಂಬಿ

2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಯ ವ್ಯವಸ್ಥೆಗೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ದೇಶದ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಕೊಡುವ ಕಂಪನಿ ಅದು. ದಾಳಿ ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಕೆಲವೇ ದಿನಗಳಲ್ಲಿ ಸರಿಹೋಯಿತು. ಒಂದು ಬಾಗಿಲು ಮುರಿದರೆ 300 ಮನೆಗೆ ತಾಪತ್ರಯ ಆಗುವುದು ಈ ವ್ಯವಸ್ಥೆಯ ಗುಣ. ಇದನ್ನು ಮುಚ್ಚಿಡದೆ ಹೇಳಬೇಕು. ನಮ್ಮ ರಾಜ್ಯದ್ದೇ ಆದ ಆಸ್ತಿ ನೋಂದಣಿ ತಂತ್ರಾಂಶ ಕಾವೇರಿ 2.0 ಕೂಡ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ದಾಳಿಗೆ ಸಿಕ್ಕಿ, ನೋಂದಣಿ ಕಚೇರಿಗಳ ಮುಂದೆ ಜನ ಕಾಯುವಂತಾಗಿತ್ತು.

ಸೈಬರ್ ಘಟನೆಯನ್ನು 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ ನಿರ್ದೇಶನ ಹೇಳುತ್ತದೆ. ದೆಹಲಿಗೆ 6 ಗಂಟೆಯಲ್ಲಿ ತಿಳಿಸುವುದು ಸಾಧ್ಯವಿದ್ದರೆ ಅಂಬ್ಲಿಗೊಳದ ಸಂಘಕ್ಕೆ 24 ಗಂಟೆಯಲ್ಲಿ ತಿಳಿಸುವುದೂ ಸಾಧ್ಯ. ಏನಾಯಿತು, ಯಾರ ಮಾಹಿತಿ ಹೋಯಿತು, ಸದಸ್ಯರು ಏನು ಮಾಡಬೇಕು ಎಂದು ಕನ್ನಡದಲ್ಲಿ ಬರೆದು ತಿಳಿಸಿ. ತಂತ್ರಾಂಶದ ದೋಷದಿಂದ ಸದಸ್ಯನ ಹಣ ಹೋದರೆ ಮೊದಲು ಅವನ ಖಾತೆಗೆ ತುಂಬಬೇಕು, ಯಾರ ತಪ್ಪು ಎಂಬ ವಿಚಾರಣೆ ಆಮೇಲೆ ನಡೆಯಲಿ. ಸಂಘದ ಷೇರು ಬಂಡವಾಳದಿಂದ ಆ ಹಣ ಮುರಿಯಬಾರದು.

9. ಯೋಜನೆ ಮುಗಿದ ಮೇಲಿನ ಖರ್ಚನ್ನು ಈಗಲೇ ಹೇಳಿ

ಗಣಕೀಕರಣ ಯೋಜನೆಗೆ ಮೊದಲು ಗೊತ್ತುಮಾಡಿದ 2,516 ಕೋಟಿ ರೂ. ಮೊತ್ತವನ್ನು 63,000 ಸಂಘಗಳಿಗೆ ಭಾಗಿಸಿದರೆ ಒಂದಕ್ಕೆ ಸರಾಸರಿ 4 ಲಕ್ಷ ರೂ. ಆಗುತ್ತದೆ. ಕಂಪ್ಯೂಟರ್, ಪ್ರಿಂಟರ್, ಮೊದಲ ಕೆಲವು ವರ್ಷದ ತಂತ್ರಾಂಶ ಅದರಲ್ಲಿ ಬರಬಹುದು. ಆಮೇಲಿನ ವಾರ್ಷಿಕ ಶುಲ್ಕ, ಕೆಟ್ಟ ಕಂಪ್ಯೂಟರಿನ ಬದಲಿ, ಇಂಟರ್‌ನೆಟ್ ಬಿಲ್ಲು ಯಾರ ತಲೆಗೆ? ನಮ್ಮಂಥ ಸಂಘಗಳ ಲಾಭ ಸಾಲದ ಮೇಲಿನ ಸಣ್ಣ ಅಂತರ ಮತ್ತು ಗೊಬ್ಬರದ ಕಮಿಷನ್. ಸಿಬ್ಬಂದಿಯ ಸಂಬಳವೂ ಅದರಲ್ಲೇ ಆಗಬೇಕು. ಮುಂದಿನ 10 ವರ್ಷದ ಖರ್ಚಿನ ಅಂದಾಜನ್ನು ಸಂಘವಾರು ಪ್ರಕಟಿಸಿ. ಸದಸ್ಯರ ಮೇಲೆ "ಸೇವಾ ಶುಲ್ಕ" ಹೇರಬೇಡಿ.

10. ಸಂಘದ ಸಿಬ್ಬಂದಿಯನ್ನು ಬಲಿ ಮಾಡಬೇಡಿ

ಒಬ್ಬ ಕಾರ್ಯದರ್ಶಿ, ಒಬ್ಬ ಗುಮಾಸ್ತ. ಹಗಲು ಕೌಂಟರ್, ಗೊಬ್ಬರ, ಪಡಿತರ. ಸಂಜೆ ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೆ ಕಂಪ್ಯೂಟರಿಗೆ ಹಾಕುವುದು. ಮಾರ್ಚ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಸಂಘದ ದೀಪ ಆರುವುದಿಲ್ಲ. ಎರಡು ಕಡೆ ಬರೆಯುವ ಈ ಅವಧಿಗೆ ಹೆಚ್ಚುವರಿ ಭತ್ಯೆ ಕೊಡಿ, ಎರಡು ಮೂರು ಸಂಘಗಳಿಗೆ ಒಬ್ಬರಂತೆ ಸಹಾಯಕರನ್ನು ಕೊಡಿ. ತರಬೇತಿ ಎಂದರೆ ಶಿವಮೊಗ್ಗದಲ್ಲಿ ಒಂದು ದಿನ ಊಟ ಹಾಕಿ ಸ್ಲೈಡ್ ತೋರಿಸುವುದಲ್ಲ. ಸಂಘದ ಸ್ವಂತ ಲೆಕ್ಕ ಮುಂದಿಟ್ಟುಕೊಂಡು, ಅದೇ ಮೇಜಿನ ಮೇಲೆ, ತಪ್ಪು ಮಾಡಿ ತಿದ್ದಿ ಕಲಿಯುವಷ್ಟು ದಿನ ನಡೆಯಬೇಕು.

ಪಾಸ್‌ವರ್ಡ್ ಬರೆದ ಚೀಟಿ ಪರದೆಯ ಅಂಚಿಗೆ ಅಂಟಿಸಿರುವುದನ್ನು ನಾವೇ ನೋಡಿದ್ದೇವೆ. ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕೆಲಸ ಮಾಡುವುದು ಜನ ಕಡಿಮೆ ಇರುವ ಕಡೆ ಅನಿವಾರ್ಯವಾಗಿದೆ. ನಾಳೆ ದುಡ್ಡು ಆಚೀಚೆಯಾದರೆ ಜೈಲಿಗೆ ಹೋಗುವವರು ಲಾಗಿನ್ ಇದ್ದವರು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿ. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಕಡ್ಡಾಯ ಮಾಡಿ. ಸರ್ವರ್ ದಾಖಲೆ ನೋಡದೆ ಸಿಬ್ಬಂದಿಯ ಮೇಲೆ ಕ್ರಮ ಕೈಗೊಳ್ಳುವುದಿಲ್ಲ ಎಂದು ಲಿಖಿತವಾಗಿ ಕೊಡಿ.

11. ತಂತಿ ಮತ್ತು ಕರೆಂಟ್

ಭಾರತ್‌ನೆಟ್‌ನ ತಿದ್ದುಪಡಿ ಯೋಜನೆಗೆ 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂ. ಒಪ್ಪಿಗೆಯಾಗಿದೆ. ಗ್ರಾಮ ಪಂಚಾಯಿತಿಯವರೆಗೆ ಬಂದ ಫೈಬರ್ ಸಂಘದ ಬಾಗಿಲವರೆಗೂ ಬರಬೇಕು, ಜೊತೆಗೆ ಬೇರೆ ಕಂಪನಿಯ ಎರಡನೇ ಸಂಪರ್ಕ ಇರಬೇಕು. ಗಾಳಿಮಳೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ದಿನಗಟ್ಟಲೆ ಕತ್ತಲು. ಸಂಘಗಳಿಗೂ ಡೇರಿಗಳಿಗೂ 8 ಗಂಟೆ ತಡೆಯುವ ಸೋಲಾರ್ ಬ್ಯಾಟರಿ ಕೊಡಿ. ಸಿಡಿಲಿನಿಂದ ರಕ್ಷಿಸುವ ಅರ್ತಿಂಗ್ ಹಾಕಿಸಿ. ಏಪ್ರಿಲ್‌ನ ಮೊದಲ ಗುಡುಗಿಗೇ ಮೋಡೆಮ್ ಸುಟ್ಟುಹೋಗುವುದು ಇಲ್ಲಿ ಹೊಸದಲ್ಲ.

12. ಮಹಾಸಭೆಯ ಒಪ್ಪಿಗೆ ಮತ್ತು ತಿಂಗಳ ಲೆಕ್ಕ

ಗುತ್ತಿಗೆಯ ಷರತ್ತುಗಳನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಬೇಕು. ಸರ್ವರ್ ತಿಂಗಳಲ್ಲಿ ಎಷ್ಟು ಗಂಟೆ ನಿಂತಿತ್ತು, ಎಷ್ಟು ದೂರು ಬಂದವು, ಎಷ್ಟು ಬಗೆಹರಿದವು ಎಂಬ ಪಟ್ಟಿಯನ್ನು ಸಂಘ ಬರೆಯಬೇಕು. ಕಂಪನಿ ಕೊಟ್ಟ ಅಂಕಿಗೂ ಅದಕ್ಕೂ ತಾಳೆ ನೋಡಿದ ಮೇಲೆಯೇ ಕಂಪನಿಗೆ ಹಣ ಬಿಡುಗಡೆಯಾಗಬೇಕು. ಶಿಕಾರಿಪುರ ಮತ್ತು ಸೊರಬದಲ್ಲಿ ಮೂರು ತಿಂಗಳಿಗೊಮ್ಮೆ ದೂರು ಸಭೆ ನಡೆಯಬೇಕು. ತಂತ್ರಾಂಶ ಕಂಪನಿಯ ತೀರ್ಮಾನ ಮಾಡಬಲ್ಲ ವ್ಯಕ್ತಿಯೇ ಅದರಲ್ಲಿ ಕೂರಬೇಕು. ಹಾಲು ಹಾಕುವ ಹೆಣ್ಣುಮಕ್ಕಳಿಗೂ ಸ್ತ್ರೀಶಕ್ತಿ ಸಂಘದವರಿಗೂ ಅಲ್ಲಿ ಕುರ್ಚಿ ಇರಬೇಕು. ಹೊತ್ತು ಮಧ್ಯಾಹ್ನದ್ದಾಗಿರಲಿ, ಬೆಳಗ್ಗೆ ಸಂಜೆ ಅವರು ಕೊಟ್ಟಿಗೆಯಲ್ಲಿರುತ್ತಾರೆ.

ಈ 12 ಬೇಡಿಕೆಗಳಲ್ಲಿ 1, 3 ಮತ್ತು 6ನ್ನು ಮುಂದಿನ ಬೆಳೆಸಾಲದ ಗಡುವಿಗೆ ಮುಂಚೆ ಈಡೇರಿಸಬೇಕು. ಉಳಿದವಕ್ಕೆ ದಿನಾಂಕ ಸಹಿತ ಕಾರ್ಯಯೋಜನೆ ಕೊಡಬೇಕು. ಅಲ್ಲಿಯವರೆಗೆ ನಮ್ಮ ಸಂಘಗಳಲ್ಲಿ ಕೈಬರಹದ ಪುಸ್ತಕ ನಿಲ್ಲಿಸಲು ನಾವು ಒಪ್ಪುವುದಿಲ್ಲ. ಮಹಾಸಭೆಯಲ್ಲಿ ಆ ಠರಾವು ಮಂಡಿಸುತ್ತೇವೆ. ಉತ್ತರವನ್ನು 30 ದಿನದೊಳಗೆ, ಕನ್ನಡದಲ್ಲಿ, ಬೇಡಿಕೆಯ ಸಂಖ್ಯೆ ನಮೂದಿಸಿ ಬರವಣಿಗೆಯಲ್ಲಿ ಕೊಡಿ. ಬಂದ ಉತ್ತರವನ್ನು ಹಾಗೆಯೇ ಸಂಘ ಮತ್ತು ಡೇರಿಯ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ.